ಧಣಿಯ ಕೊರಳಪಟ್ಟಿ

ಆ ಮನೆಯ ನಾಯಿ ದಿನೇ ದಿನೇ ದಪ್ಪಗಾಗುತ್ತಿತ್ತು, ಅದನ್ನು ನೋಡಿ ನೋಡಿ ಮನೆಯಾಕೆಯ ತಲೆ ಕೆಟ್ಟುಹೋಗಿತ್ತು. ಬೇರೆ ಯಾರ ಮನೆಯಲ್ಲಾಗಿದ್ದರೂ ಜನ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಈಕೆ ಪ್ರಾಣಿಗಳ ಡಾಕ್ಟರು. ಬೆಳಗಿನ ಹೊತ್ತು ಊರಂಚಿನ ಪ್ರಾಣಿಸಂಗ್ರಹಾಲಯದಲ್ಲಿ ಕರಡಿ, ಚಿರತೆ, ನೀರುನಾಯಿಗಳ ಆರೈಕೆ. ಸಂಜೆ ಮನೆಯ ಹಿಂದಿನ ಓಣಿಯ ಪುಟ್ಟ ಆಸ್ಪತ್ರೆಯಲ್ಲಿ ಊರವರ ನಾಯಿ, ಬೆಕ್ಕು. ದಪ್ಪ ನಾಯಿಯನ್ನು ಕರೆತಂದವರನ್ನು ತಕ್ಕಡಿಯ ಪಕ್ಕದಲ್ಲೇ ನಿಲ್ಲಿಸಿಕೊಂಡು ನೀರಿಳಿಸುವುದರಲ್ಲಿ ಅವಳದು ಎತ್ತಿದ ಕೈ. ಪ್ರೀತಿ ಪ್ರೀತಿ ಅಂತ ಬಾಯಿಗೆ ತುರುಕಿ ಸಾಯಿಸುತ್ತೀರಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದಳು. ಅಂಥವಳ ಸ್ವಂತ ನಾಯಿ ಪೀಪಾಯಿಯ ಹಾಗೆ ಮೆಟ್ಟಿಲಿಳಿದು ಬಂದರೆ, ಅಲ್ಲಿ ಕಾಯುತ್ತಾ ಕೂತ ಜನ ಗೋಡೆಯ ಕಡೆ ತಿರುಗಿ ನಗದೆ ಇನ್ನೇನು ಮಾಡಿಯಾರು?

ನಾಯಿಯ ಹೆಸರು ಧಣಿ. ಊಟದ ವಿಷಯದಲ್ಲಿ ಅವನ ಗತ್ತು ನೋಡಿ ಇಟ್ಟ ಹೆಸರು. ಮಾಂಸ, ಮೊಟ್ಟೆ, ಬೆಣ್ಣೆ ಸವರಿದ ಬ್ರೆಡ್ಡಾದರೆ ಸರಿ; ಬೆಂದ ತರಕಾರಿ ಹಾಕಿದರೆ ಮೂಸಿ, ಹಾಕಿದವರನ್ನು ಮೇಲಿಂದ ಕೆಳಗೆ ನೋಡಿ, ಎದ್ದು ಹೋಗುತ್ತಿದ್ದ. ಗಂಜಿಯನ್ನಂತೂ ಊಟವೆಂದೇ ಒಪ್ಪುತ್ತಿರಲಿಲ್ಲ. ಅವನನ್ನು ಬಿಟ್ಟರೆ ಮನೆಯಲ್ಲಿ ಅವಳ ಜೊತೆ ಇದ್ದವರು ಇಬ್ಬರು. ಒಬ್ಬ ಗಂಡ, ಮನೆಯ ಕೆಳಗೇ ಚರ್ಮದ ಚೀಲ, ಬೆಲ್ಟು ಹೊಲಿಯುವ ಅಂಗಡಿ ಇಟ್ಟುಕೊಂಡವನು. ಇನ್ನೊಬ್ಬರು ಅವಳ ಅಪ್ಪ.

ಅಪ್ಪ ಜೀವಮಾನವೆಲ್ಲ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಸರತ್ತು ಮಾಡಿಸಿದ ಡ್ರಿಲ್ ಮೇಷ್ಟ್ರು. ಅಮ್ಮ ತೀರಿಕೊಂಡ ಮೇಲೆ ಒಂದು ಪೆಟ್ಟಿಗೆ, ಒಂದು ಸೀಟಿ ಹಿಡಿದುಕೊಂಡು ಮಗಳ ಮನೆಗೆ ಬಂದರು. ಬರುವಾಗ ತಮ್ಮ ಹಳೆಯ ಕಾನೂನನ್ನೂ ತಂದರು: ತಟ್ಟೆಯಲ್ಲಿ ಏನೂ ಬಿಡಕೂಡದು. ಚಿಕ್ಕಂದಿನಲ್ಲಿ ತರಕಾರಿ ಬಿಟ್ಟ ತಪ್ಪಿಗೆ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತದ್ದು ಮಗಳಿಗೆ ಇನ್ನೂ ಮರೆತಿಲ್ಲ. ಈಗಲೂ ಊಟ ಮುಗಿದ ಮೇಲೆ ಅವರು ತಟ್ಟೆಯನ್ನು ಕೊಂಚ ಓರೆ ಮಾಡಿ ಎಲ್ಲರಿಗೂ ತೋರಿಸುತ್ತಿದ್ದರು. ತೊಳೆದಿಟ್ಟ ಹಾಗೆ ಇರುತ್ತಿತ್ತು.

ಧಣಿಯ ಕೊರಳಪಟ್ಟಿ ಮೊದಲ ಸಲ ಬಿಗಿಯಾದಾಗ ಗಂಡ ತನ್ನ ಇಕ್ಕಳದಲ್ಲಿ ಅದಕ್ಕೊಂದು ಹೊಸ ತೂತು ಹಾಕಿಕೊಟ್ಟು, ಚಳಿಗೆ ಮೈ ಬಂದಿದೆ ಅಂದ. ಮುಂದಿನ ತೂತು ಹಾಕುವ ಹೊತ್ತಿಗೆ ಚಳಿ ಹೋಗಿ ಬಿಸಿಲು ಬಂದಿತ್ತು, ಅವಳ ನೆಮ್ಮದಿಯೂ ಹೋಗಿತ್ತು. ಅವಳ ಕಸುಬು ಅಂಥದ್ದು. ಹೊಟ್ಟೆ ಉಬ್ಬಿದ ನಾಯಿ ಕಂಡರೆ ಉಳಿದವರಿಗೆ ತಿಂಡಿ ನೆನಪಾಗುತ್ತದೆ, ಅವಳಿಗೆ ಗಡ್ಡೆ ನೆನಪಾಗುತ್ತದೆ. ನಾಯಿ ನಮ್ಮದೇ ಸೂರಿನಡಿ ನಮ್ಮದೇ ಗಾಳಿ ಕುಡಿದು ಬದುಕುವ ಪ್ರಾಣಿ. ಅದಕ್ಕೆ ಬರುವ ಕ್ಯಾನ್ಸರ್ರೂ ಬಹುಮಟ್ಟಿಗೆ ನಮ್ಮ ಕ್ಯಾನ್ಸರಿನ ಒಡಹುಟ್ಟೇ, ಓಟ ಮಾತ್ರ ಜೋರು. ನಮ್ಮಲ್ಲಿ ವರ್ಷಗಟ್ಟಲೆ ಹಿಡಿಯುವುದು ಅದರಲ್ಲಿ ತಿಂಗಳುಗಳಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ಅವಳು ಧಣಿಯ ರಕ್ತ ತೆಗೆದಳು, ಗ್ರಂಥಿಗಳನ್ನು ಒತ್ತಿ ನೋಡಿದಳು, ಕೊನೆಗೆ ಸ್ಕ್ಯಾನ್ ಮಾಡುವ ಗೆಳತಿಯ ಮುಂದೆ ಅವನನ್ನು ಅಂಗಾತ ಮಲಗಿಸಿದಳು. ಗೆಳತಿ ಲಿವರ್, ಗುಲ್ಮ, ಕರುಳು ಎಲ್ಲ ಹುಡುಕಿ, ಇವನ ಹೊಟ್ಟೆಯಲ್ಲಿ ಊಟ ಬಿಟ್ಟರೆ ಬೇರೇನೂ ಇಲ್ಲ ಎಂದು ಕೈ ಒರೆಸಿಕೊಂಡಳು.

ಗಡ್ಡೆ ಇಲ್ಲವೆಂದು ಸಮಾಧಾನವಾಗುವ ಬದಲು ಅವಳಿಗೆ ಕೋಪ ನೆತ್ತಿಗೇರಿತು. ಅಂದರೆ ಯಾರೋ ಕದ್ದು ತಿನ್ನಿಸುತ್ತಿದ್ದಾರೆ. ಗಂಡನನ್ನು ಕೇಳಿದರೆ ಅವನು ತನ್ನ ಪಾಲಿಗೇ ಕುತ್ತು ಬಂದಿರುವಾಗ ನಾಯಿಗೆಲ್ಲಿಂದ ಕೊಡಲಿ ಅಂದ. ಮೇಲಿನ ಮಹಡಿಯ ನೆರೆಯಾಕೆಯನ್ನು ಕೇಳಿದ್ದಕ್ಕೆ ಆಕೆ ಮುಖ ಊದಿಸಿಕೊಂಡಳು. ಅಪ್ಪನನ್ನು ಕೇಳಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ. ಅವರ ತಟ್ಟೆ ದಿನವೂ ಖಾಲಿಯಾಗಿ ಕಣ್ಣ ಮುಂದೆಯೇ ಇರುತ್ತಿತ್ತಲ್ಲ. ಅಪ್ಪ ಕೂಡ ಪಂಚಾಯಿತಿಯಲ್ಲಿ ಸೇರಿಕೊಂಡು, ಈ ಮನೆಯಲ್ಲಿ ಶಿಸ್ತೇ ಇಲ್ಲ ಎಂದು ಗೊಗ್ಗರು ದನಿಯಲ್ಲಿ ಅಳಿಯನನ್ನು ಗದರಿಸಿದರು. ದನಿ ಒಡೆದು ಎಷ್ಟೋ ದಿನವಾಗಿತ್ತು. ಸೀಟಿ ಊದಿ ಊದಿ ಗಂಟಲು ಹೋಗಿದೆ ಎನ್ನುತ್ತಿದ್ದರು, ಸೀಟಿ ಊದಿ ಎಷ್ಟು ವರ್ಷವಾಗಿತ್ತೋ.

ಇದೇ ಹೊತ್ತಿಗೆ ಪ್ರಾಣಿಸಂಗ್ರಹಾಲಯದಲ್ಲಿ ಒಂದು ಕರಡಿ ಸತ್ತಿತು. ಅಲ್ಲಿ ಎರಡು ಮುದಿ ಹೆಣ್ಣು ಕರಡಿಗಳು ಒಂದೇ ಆವರಣದಲ್ಲಿದ್ದವು. ನೋಡಿಕೊಳ್ಳುವವನು ಅವುಗಳನ್ನು ದೊಡ್ಡಕ್ಕ, ಚಿಕ್ಕಕ್ಕ ಎಂದು ಕರೆಯುತ್ತಿದ್ದ. ದಿನವೂ ಎರಡು ಬಟ್ಟಲು ಇಡುತ್ತಿದ್ದ, ದಿನವೂ ಎರಡೂ ಖಾಲಿಯಾಗಿರುತ್ತಿದ್ದವು. ಒಂದು ದಿನ ದೊಡ್ಡಕ್ಕ ಮಲಗಿದಲ್ಲಿಂದ ಏಳಲಿಲ್ಲ. ಅರಿವಳಿಕೆ ಕೊಟ್ಟು ರೋಮದೊಳಗೆ ಕೈ ಹಾಕಿದರೆ ಬರೀ ಮೂಳೆ. ಹೊಟ್ಟೆ ಬಿಚ್ಚಿದಾಗ ಪಿತ್ತನಾಳದಲ್ಲಿ ಹುಟ್ಟಿದ ಕ್ಯಾನ್ಸರ್ ಲಿವರಿನ ತುಂಬ ಹರಡಿತ್ತು. ಎಷ್ಟು ದಿನದಿಂದ ಅದು ಬಟ್ಟಲಿನ ಮುಂದೆ ಕೂತು ತಿನ್ನದೆ ಎದ್ದಿತೋ, ಚಿಕ್ಕಕ್ಕ ಎರಡೂ ಬಟ್ಟಲು ನೆಕ್ಕಿ ಮುಗಿಸಿತೋ. ಮೇಜಿನ ಮೇಲೆ ಮಲಗಿದ್ದ ಕರಡಿಯನ್ನು ಮತ್ತೆ ಎಬ್ಬಿಸದೆ ಅವಳೇ ಕೊನೆಯ ಸೂಜಿ ಚುಚ್ಚಿದಳು.

ಆ ದಿನ ಊಟಕ್ಕೆ ಕೂತಾಗ ಅವಳ ಬಾಯಲ್ಲಿ ಬರೀ ಕರಡಿಯದೇ ಮಾತು. ಕಾಡುಪ್ರಾಣಿ ಕಾಯಿಲೆ ಬಚ್ಚಿಡುತ್ತದೆ, ಸೊರಗಿದ್ದು ಗೊತ್ತಾದರೆ ಕಾಡಿನಲ್ಲಿ ಉಳಿಗಾಲವಿಲ್ಲ; ಕಾಡಿನಲ್ಲಿ ಮುದಿಯಾಗುವಷ್ಟು ಬದುಕುವುದೇ ಅಪರೂಪ, ನಾವು ಬೋನಿನಲ್ಲಿಟ್ಟು ಹೊಟ್ಟೆ ತುಂಬ ಹಾಕಿ ಮುದಿಯಾಗಿಸುತ್ತೇವೆ, ಮುದಿತನದ ಜೊತೆಗೆ ಗಡ್ಡೆಯೂ ಬರುತ್ತದೆ; ಬಟ್ಟಲು ಖಾಲಿಯಾದರೆ ಯಾರೋ ತಿಂದಿದ್ದಾರೆ ಅಂತ ಗೊತ್ತಾಗುತ್ತದೆಯೇ ಹೊರತು ಯಾರು ಅಂತ ಗೊತ್ತಾಗುವುದಿಲ್ಲ, ಇಷ್ಟು ಸಣ್ಣ ವಿಷಯ ಆ ದಡ್ಡನಿಗೆ ಹೊಳೆಯಲಿಲ್ಲ ಎಂದು ನೋಡಿಕೊಳ್ಳುವವನಿಗೆ ಅಲ್ಲಿಂದಲೇ ಮಂಗಳಾರತಿ ಎತ್ತಿದಳು. ಗಂಡ ಹೂಂಗುಟ್ಟುತ್ತಾ ತಿನ್ನುತ್ತಿದ್ದ. ಅಪ್ಪ ಗೋಡೆಯ ಬದಿಯ ತಮ್ಮ ಮೂಲೆಯಲ್ಲಿ, ತುತ್ತಿಗೊಂದು ಗುಟುಕು ನೀರು ಕುಡಿಯುತ್ತಾ, ದೊಡ್ಡ ಕರ್ಚೀಫಿನಿಂದ ಬಾಯಿ ಒರೆಸಿಕೊಳ್ಳುತ್ತಾ ಕೇಳುತ್ತಿದ್ದರು. ಧಣಿ ಎಂದಿನಂತೆ ಅವರ ಕಾಲ ಮೇಲೆ ತಲೆಯಿಟ್ಟಿದ್ದ.

"ಮೊದಲೇ ಗೊತ್ತಾಗಿದ್ರೆ ಆಪರೇಷನ್ ಮಾಡ್ತಿದ್ಯಾ?" ಎಂದು ಅಪ್ಪ ಕೇಳಿದರು.

"ಮುದಿ ಪ್ರಾಣಿಗೆ ಯಾಕಪ್ಪಾ ಆಪರೇಷನ್ನು? ಕುಯ್ದು, ಹೊಲಿದು, ತಿಂಗಳುಗಟ್ಟಲೆ ಹಿಂಸೆ ಕೊಟ್ಟು ಏನು ಸಿಗುತ್ತೆ? ಮಲಗಿದ್ದ ಹಾಗೇ ಕಳಿಸಿಕೊಟ್ಟೆ. ಅದಕ್ಕಿಂತ ದೊಡ್ಡ ಉಪಕಾರ ಇಲ್ಲ."

"ಪುಣ್ಯವಂತೆ" ಎಂದು ಅಪ್ಪ ತಲೆಯಾಡಿಸಿದರು. ಆಮೇಲೆ ತಟ್ಟೆ ಓರೆ ಮಾಡಿ ತೋರಿಸಿ, ಎದ್ದು ಕೈ ತೊಳೆಯಲು ಹೋದರು.

ಈ ಮಾತು ಆ ಮನೆಯಲ್ಲಿ ಹೊಸದೇನಲ್ಲ. ಅಮ್ಮನಿಗೆ ಕ್ಯಾನ್ಸರ್ ಆಗಿ ಆಸ್ಪತ್ರೆಯಿಂದ ಮನೆ, ಮನೆಯಿಂದ ಆಸ್ಪತ್ರೆ ಅಂತ ಓಡಾಡಿದ ಕಾಲದಲ್ಲಿ, ಕೂದಲು ಉದುರಿ, ಬಾಯೆಲ್ಲ ಹುಣ್ಣಾಗಿ, ಕೊನೆಗೆ ಯಾವ ಔಷಧಿಯೂ ನಾಟದೆ ಹೋದಾಗ, ಮಗಳು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದಿದ್ದಳು: ನಾವು ನಾಯಿಗೂ ಹೀಗೆ ಮಾಡಲ್ಲ. ಸಂಕಟಕ್ಕೆ ಬಂದ ಮಾತು. ಅವಳು ಅಂದು ಮರೆತಳು. ಅಪ್ಪ ಪಕ್ಕದ ಬೆಂಚಿನ ಮೇಲೆ ಅಮ್ಮನ ಚಪ್ಪಲಿ ಹಿಡಿದುಕೊಂಡು ಕೂತಿದ್ದರು, ಅವರು ಮರೆಯಲಿಲ್ಲ.

ಕರಡಿಯ ವಿಷಯ ಮುಗಿದ ಮೇಲೆ ಅವಳು ಸಿಟ್ಟನ್ನೆಲ್ಲ ನಾಯಿಯ ಮೇಲೆ ತಿರುಗಿಸಿದಳು. ಧಣಿಗೆ ಕಟ್ಟುನಿಟ್ಟಿನ ಪಥ್ಯ ಶುರುವಾಯಿತು. ಅಳತೆ ಮಾಡಿದ ಒಣ ಆಹಾರ ಒಂದು ಹಿಡಿ, ಮೇಲೊಂದಿಷ್ಟು ಬೆಂದ ಕುಂಬಳಕಾಯಿ. ಬೆಣ್ಣೆ ಇಲ್ಲ, ಮೊಟ್ಟೆ ಇಲ್ಲ. ಮೊದಲ ದಿನ ಧಣಿ ಬಟ್ಟಲನ್ನು ನೋಡಿ ತಮಾಷೆ ಅಂದುಕೊಂಡ. ಆಮೇಲೆ ಹಸಿವು ಅವನ ಗತ್ತನ್ನು ಮುರಿಯಿತು. ತರಕಾರಿ, ಗಂಜಿ, ಬ್ರೆಡ್ಡಿನ ಅಂಚು, ಏನು ಕಂಡರೂ ಬಾಯಿ ಹಾಕತೊಡಗಿದ. ಇದನ್ನು ನೋಡಿ ಅವಳು ಹಿಗ್ಗಿದಳು. ಇವನಿಗೆ ಸೊಪ್ಪುಸದೆ ತಿನ್ನಲು ಕಲಿಸಿದೆ ನೋಡಿ ಎಂದು ಸಂಜೆಯ ಆಸ್ಪತ್ರೆಯಲ್ಲಿ ಜನರ ಮುಂದೆ ಕೊಚ್ಚಿಕೊಂಡಳು. ಆದರೆ ತಕ್ಕಡಿ ಹಿಗ್ಗಲು ಬಿಡಲಿಲ್ಲ. ಪಥ್ಯ ಹಾಕಿದ ಮೇಲೆ ನಾಯಿ ಮೊದಲಿಗಿಂತ ಬೇಗ ಬೇಗ ಊದಿತು. ಗಂಡ ಮತ್ತೊಮ್ಮೆ ಇಕ್ಕಳ ತೆಗೆದು ಪಟ್ಟಿಯ ತುದಿಯ ಹತ್ತಿರ ಇನ್ನೊಂದು ತೂತು ಹಾಕಬೇಕಾಯಿತು. ಹಾಕುವಾಗ, ಇನ್ನು ಸ್ವಲ್ಪ ಬೆಳೆದರೆ ಕುದುರೆಯ ಜೀನಿನ ಪಟ್ಟಿಯನ್ನೇ ಕಟ್ಟಬೇಕು ಅಂದ. ಅವಳು ನಗಲಿಲ್ಲ, ಆ ದಿನವೆಲ್ಲ ಅವನ ಜೊತೆ ಮಾತೂ ಆಡಲಿಲ್ಲ.

ಹೆಂಗಸು ಸೋಲೊಪ್ಪುವ ಜಾಯಮಾನದವಳಲ್ಲ. ದೊಡ್ಡಕ್ಕ ಸತ್ತ ಮೇಲೆ ಅವಳು ಪ್ರಾಣಿಸಂಗ್ರಹಾಲಯದಲ್ಲಿ ಹೊಸ ಪದ್ಧತಿ ತಂದಿದ್ದಳು. ಒಂದೇ ಆವರಣದಲ್ಲಿ ಎರಡು ಮೂರು ಪ್ರಾಣಿಗಳಿದ್ದರೆ ಒಂದೊಂದರ ಆಹಾರದಲ್ಲಿ ಒಂದೊಂದು ಬಣ್ಣದ ಮಿನುಗು ಪುಡಿ ಕಲಸುವುದು. ಕೇಕಿನ ಮೇಲೆ ಉದುರಿಸುವ ಪುಡಿಯೇ, ಹೊಟ್ಟೆಗೆ ಕೆಡುಕಿಲ್ಲ, ಕರಗದೆ ಹಾಗೆಯೇ ಹೊರಗೆ ಬರುತ್ತದೆ. ಬೆಳಗ್ಗೆ ಆವರಣದಲ್ಲಿ ಬಿದ್ದದ್ದರಲ್ಲಿ ಯಾವ ಬಣ್ಣ ಎಲ್ಲಿ ಮಿನುಗುತ್ತಿದೆ ಎಂದು ನೋಡಿದರೆ ಯಾರ ಊಟ ಯಾರು ತಿಂದರೆಂದು ಗೊತ್ತಾಗುತ್ತದೆ. ಕರಡಿ ನೋಡಿಕೊಳ್ಳುವವನು, ಇಷ್ಟು ದಿನ ಇವುಗಳ ಹೇಲು ಬಾಚುತ್ತಿದ್ದೆ ಡಾಕ್ಟ್ರೇ, ಇನ್ನು ಮೇಲೆ ಓದಬೇಕು ಅಂದಿದ್ದ.

ಅದನ್ನೇ ಮನೆಯಲ್ಲಿ ಮಾಡಿದರೇನು ಎಂದು ಅವಳಿಗೆ ಹೊಳೆದದ್ದು ಒಂದು ರಜೆಯ ಬೆಳಗ್ಗೆ. ಕೂಡಲೇ ಹಿಟ್ಟು ನಾದಿ, ಒಳಗೆ ತರಕಾರಿ ತುಂಬಿದ ಬನ್ನುಗಳನ್ನು ಬೇಯಿಸಿದಳು. ಗಂಡನ ಬನ್ನಿನ ಹೂರಣಕ್ಕೆ ಕೆಂಪು ಮಿನುಗು. ಮಹಡಿಯ ನೆರೆಯಾಕೆಗೆ ರಾಜಿಯ ನೆಪದಲ್ಲಿ ಕಳಿಸಿದ್ದಕ್ಕೆ ಹಸಿರು. ಅಪ್ಪನ ಮೇಲೆ ಅನುಮಾನವಿರಲಿಲ್ಲ, ಆದರೂ ತನಿಖೆ ಅಂದ ಮೇಲೆ ಯಾರನ್ನೂ ಬಿಡಬಾರದೆಂದು ಅವರದಕ್ಕೆ ನೀಲಿ. ಮಧ್ಯಾಹ್ನ ಊಟದ ಮೇಜಿನಲ್ಲಿ ಗಂಡನ ಕೈಯನ್ನೇ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಅವನು ಪಾಪ, ಏನೂ ತಿಳಿಯದೆ ಬನ್ನು ಮುಗಿಸಿ ಬೆರಳು ಚೀಪಿದ. ಅಪ್ಪ ಮಾತ್ರ ಅವತ್ತು ತುಂಬ ಉತ್ಸಾಹದಲ್ಲಿದ್ದರು. ಬನ್ನು ಬಹಳ ಚೆನ್ನಾಗಿದೆ ಎಂದು ಇನ್ನೊಂದು ಕೇಳಿ ಹಾಕಿಸಿಕೊಂಡರು.

ಮರುದಿನ ಬೆಳಗ್ಗೆ ಹಿತ್ತಲಿನ ಬಿಸಿಲಲ್ಲಿ ಅವಳು ಒಂದು ಕಡ್ಡಿ ಹಿಡಿದು ಕುಕ್ಕುರುಗಾಲಲ್ಲಿ ಕೂತಳು. ಕೆಂಪು ಇಲ್ಲ. ಹಸಿರು ಇಲ್ಲ. ಎಲ್ಲಿ ಕೆದಕಿದರೂ ನೀಲಿ, ಕಣ್ಣು ಕುಕ್ಕುವ ಹಾಗೆ ನೀಲಿ.

ಅವಳಿಗೆ ಮೊದಲು ಬಂದದ್ದು ಗೆಲುವಿನ ನಗು, ಅದರ ಹಿಂದೆಯೇ ಸಿಟ್ಟು. ಅಪ್ಪನನ್ನು ಹಿತ್ತಲಿಗೇ ಕರೆದು, ಕಡ್ಡಿಯಲ್ಲಿ ತೋರಿಸಿ, ಮೇಷ್ಟ್ರೇ ಸಿಕ್ಕಿಬಿದ್ದಿರಿ ಅಂದಳು. ಆಮೇಲೆ ಇಷ್ಟು ದಿನ ಊರವರಿಗೆಲ್ಲ ಹೇಳುತ್ತಿದ್ದ ಪಾಠವನ್ನು ಒಂದಕ್ಷರ ಬಿಡದೆ ಅವರಿಗೆ ಒಪ್ಪಿಸಿದಳು. ನಾಯಿಯ ಕೀಲು ಸವೆಯುತ್ತದೆ, ಹೃದಯ ಸೋಲುತ್ತದೆ, ಇವನು ಸತ್ತರೆ ನೀನೇ ಹೊಣೆ. ಅಳಿಯನನ್ನು ಗದರಿಸುವಾಗ ನಾಚಿಕೆಯಾಗಲಿಲ್ಲವೇ? ಅಪ್ಪ ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ ಕೈ ಕಟ್ಟಿಕೊಂಡು ನಿಂತಿದ್ದರು. ಬಿಸಿಲಿದ್ದರೂ ದಪ್ಪ ಸ್ವೆಟರ್ ಹಾಕಿಕೊಂಡಿದ್ದರು. ತಪ್ಪಾಯಿತು, ಇನ್ನು ಕೊಡುವುದಿಲ್ಲ ಅಂದರು. ಜೀವಮಾನದಲ್ಲಿ ಒಂದು ವಾದವನ್ನೂ ಸುಮ್ಮನೆ ಬಿಟ್ಟುಕೊಡದ ಮನುಷ್ಯ ಇಷ್ಟು ಬೇಗ ಒಪ್ಪಿಕೊಂಡದ್ದು ಯಾಕೆಂದು ಕೇಳುವಷ್ಟು ವ್ಯವಧಾನ ಅವಳಿಗೆಲ್ಲಿತ್ತು? ಅಪರಾಧಿ ಸಿಕ್ಕಿದ್ದ, ತನಿಖೆ ಮುಗಿದಿತ್ತು, ಅವಳು ಸೀದಾ ಗಂಡನ ಅಂಗಡಿಗೆ ನಡೆದಳು.

ಗಂಡ ಕತ್ತರಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಅಮಾಯಕನ ಮೇಲೆ ಅಪವಾದ ಹೊರಿಸಿದ್ದಕ್ಕೆ ಏನು ಪರಿಹಾರ ಕೊಡುತ್ತೀ ಎಂದು ಕಾಡಿದ. ಆಮೇಲೆ ಒಂದು ಬೆಲ್ಟಿನ ಅಂಚು ತಿಕ್ಕುತ್ತಾ, ಲೋಕಾಭಿರಾಮವಾಗಿ ಹೇಳಿದ.

"ಮಾವಂದೂ ಧಣಿದೂ ಏನೋ ಒಪ್ಪಂದ ಇದೆ ಬಿಡು. ಅವನ ಪಟ್ಟಿಗೆ ನಾನು ತೂತು ಹಾಕಿದಾಗಲೆಲ್ಲ ಅವರೂ ಬಂದು ಬೆಲ್ಟಿಗೆ ಒಂದು ಹಾಕಿಸ್ಕೊಂಡು ಹೋಗ್ತಾರೆ."

"ಅವರದೂ ಬಿಗಿಯಾಗಿದೆಯಂತಾ?"

"ಬಿಗಿ ಎಲ್ಲಿ ಬಂತು, ಸಡಿಲ. ಒಳಗಡೆಗೆ ತೂತು. ಕಸರತ್ತು ಮಾಡಿ ಹೊಟ್ಟೆ ಕರಗಿಸಿದೀನಿ ನೋಡು ಅಂದ್ರು."

ಗಂಡ ಇನ್ನೂ ಏನೋ ಹೇಳುತ್ತಿದ್ದ, ಅವಳಿಗೆ ಕೇಳಿಸಲಿಲ್ಲ. ಅಷ್ಟೊಂದು ನೀಲಿ ಎಂದರೆ ಎರಡು ಬನ್ನೂ ನಾಯಿಯ ಹೊಟ್ಟೆಗೇ ಹೋಗಿದ್ದವು. ನಿನ್ನೆ ಅಪ್ಪ ತಿಂದದ್ದು ಹಾಗಾದರೆ ಏನು? ಮೊನ್ನೆ ತಿಂದದ್ದು ಏನು? ತುತ್ತಿಗೊಂದು ಗುಟುಕು ನೀರು, ಒಡೆದ ದನಿ, ಬಾಯಿಗೆ ಒತ್ತಿ ಹಿಡಿಯುವ ಕರ್ಚೀಫು, ಬಿಸಿಲಲ್ಲಿ ಸ್ವೆಟರು, ಎಲ್ಲ ದಿನವೂ ಕಣ್ಣಿಗೆ ಬೀಳುತ್ತಿದ್ದದ್ದೇ. ಕರಡಿ ನೋಡಿಕೊಳ್ಳುವವನನ್ನು ದಡ್ಡ ಎಂದು ಬೈದದ್ದು ಅದೇ ಮೇಜಿನಲ್ಲಿ, ಅದೇ ಅಪ್ಪನ ಎದುರು ಕೂತು. ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಮೆಟ್ಟಿಲು ಹತ್ತಿ ಬಂದಾಗ ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು, ಧಣಿ ಕಾಲ ಬಳಿ ಬಿದ್ದುಕೊಂಡಿದ್ದ. ಅವಳು ಮೇಜಿನ ಮೇಲಿನ ಪ್ರಾಣಿಯನ್ನು ಮುಟ್ಟುವ ಹಾಗೆ ಸೀದಾ ಸ್ವೆಟರ್ ಎತ್ತಿದಳು. ಬೆಲ್ಟಿನ ತುದಿ ಸೊಂಟವನ್ನು ಸುತ್ತಿ ಹಿಂದಕ್ಕೆ ಹೋಗಿತ್ತು. ಪಕ್ಕೆಲುಬುಗಳ ಮೇಲೆ ಚರ್ಮ ಮಾತ್ರ ಉಳಿದಿತ್ತು. ಅಪ್ಪ ನಿಧಾನವಾಗಿ ಅವಳ ಕೈ ಸರಿಸಿ ಸ್ವೆಟರನ್ನು ಕೆಳಗೆಳೆದುಕೊಂಡರು.

ಅವಳಿಗೆ ಅಳು ಬರುವ ಮೊದಲು ಸಿಟ್ಟೇ ಬಂತು. ಯಾಕೆ ಹೇಳಲಿಲ್ಲ, ಯಾಕೆ ಹೇಳಲಿಲ್ಲ ಎಂದು ಅದನ್ನೇ ತಿರುಗಿಸಿ ತಿರುಗಿಸಿ ಕೇಳಿದಳು. ಮನೆಯಲ್ಲಿ ಡಾಕ್ಟರನ್ನು ಇಟ್ಟುಕೊಂಡು ಹೀಗೆ ಮಾಡುತ್ತಾರೆಯೇ, ನಾಯಿಗೆ ಸ್ಕ್ಯಾನ್ ಮಾಡಿಸುವಾಗಲಾದರೂ ಬಾಯಿ ಬಿಡಬಾರದಿತ್ತೇ ಎಂದು ಕೂಗಾಡಿದಳು. ಅಪ್ಪ ಪೂರ್ತಿ ಕೇಳಿಸಿಕೊಂಡರು.

"ನಿಮ್ಮಮ್ಮನ್ನ ನೋಡಿದೀನಿ. ನಂಗೆ ಅದೆಲ್ಲ ಬೇಡ. ಕರಡಿಗೆ ಮಾಡಿದೆಯಲ್ಲ, ಅದನ್ನೇ ನಂಗೂ ಮಾಡು. ನೀನೇ ತಾನೇ ಹೇಳಿದ್ದು, ಅದಕ್ಕಿಂತ ದೊಡ್ಡ ಉಪಕಾರ ಇಲ್ಲ ಅಂತ."

ಅವಳು ಉಪ್ಪು ಖಾರ ಹಾಕಿ ಊಟದ ಮೇಜಿನಲ್ಲಿ ಬಡಿಸುತ್ತಿದ್ದ ಮಾತುಗಳನ್ನೆಲ್ಲ ಈ ಮನುಷ್ಯ ಊಟದ ಬದಲು ನುಂಗಿ ಕೂತಿದ್ದರು. ಆಪರೇಷನ್ ಮಾಡುತ್ತಿದ್ದೆಯಾ ಎಂದು ಅವರು ಅವತ್ತು ಕೇಳಿದ್ದು ಕರಡಿಯ ವಿಷಯವಲ್ಲ. ಅವಳು ಎದ್ದು ಕಿಟಕಿಯವರೆಗೆ ಹೋಗಿ ತಿರುಗಿ ಬಂದು, ನೆಲದ ಮೇಲೆ, ಧಣಿಯ ಪಕ್ಕದಲ್ಲಿ ಕೂತಳು.

"ಕರಡಿಯನ್ನ ಕೇಳೋಕಾಗಲ್ಲಪ್ಪಾ" ಅಂದಳು. "ಎಲ್ಲಿ ನೋವು, ಇನ್ನೂ ಬದುಕೋಕೆ ಇಷ್ಟ ಇದೆಯಾ, ಏನೂ ಕೇಳೋಕಾಗಲ್ಲ. ಅದಕ್ಕೇ ನಾವೇ ತೀರ್ಮಾನ ಮಾಡ್ತೀವಿ. ನಿನ್ನನ್ನ ಕೇಳಬಹುದಿತ್ತು. ನಾನು ಕೇಳಲಿಲ್ಲ."

"ಈಗ ಕೇಳು."

"ನುಂಗಿದ್ದು ಎಲ್ಲಿ ನಿಲ್ಲುತ್ತೆ?"

ಅಪ್ಪ ಎದೆಯ ಮೂಳೆಯ ಕೆಳತುದಿಯಲ್ಲಿ ಹೆಬ್ಬೆರಳು ಒತ್ತಿ ತೋರಿಸಿದರು. ಅಲ್ಲಿಯವರೆಗೆ ಹೋಗುತ್ತದೆ, ಆಮೇಲೆ ಬಾಗಿಲು ಹಾಕಿದ ಹಾಗೆ ನಿಲ್ಲುತ್ತದೆ, ಸ್ವಲ್ಪ ಹೊತ್ತು ಕಾದು ವಾಪಸು ಬರುತ್ತದೆ ಎಂದು ವರದಿ ಒಪ್ಪಿಸುವ ದನಿಯಲ್ಲಿ ಹೇಳಿದರು. ತಟ್ಟೆಯಲ್ಲಿ ಬಿಟ್ಟರೆ ಪ್ರಶ್ನೆ ಏಳುತ್ತಿತ್ತು, ಹಾಗಾಗಿ ಧಣಿಯ ಸಹಾಯ ತೆಗೆದುಕೊಂಡೆ ಅಂದರು. ನಿಂಗೇನು ಬೇಕು ಎಂದು ಅವಳು ಕೇಳಿದಾಗ ಮಾತ್ರ ಬಗ್ಗಿ ಧಣಿಯ ಕಿವಿ ಸವರತೊಡಗಿದರು.

"ಒಂದು ಬನ್ನು ತಿನ್ನಬೇಕು" ಅಂದರು ಕೊನೆಗೆ. "ಪೂರ್ತಿ. ನಿನ್ನೆ ಮಾಡಿದ್ದರ ವಾಸನೆ ಎಷ್ಟು ಚೆನ್ನಾಗಿತ್ತು ಗೊತ್ತಾ? ಎರಡನೇದನ್ನ ಇದಾದರೂ ಇಳಿಯುತ್ತೇನೋ ಅಂತ ಕೇಳಿ ಹಾಕಿಸ್ಕೊಂಡೆ."

ಹಾಗೆ ಅವರು ಆಸ್ಪತ್ರೆಗೆ ಹೊರಟರು. ಮನುಷ್ಯರ ಆಸ್ಪತ್ರೆಯಲ್ಲಿ ಅವಳು ಡಾಕ್ಟರಲ್ಲ, ಎಲ್ಲರ ಹಾಗೆ ರೋಗಿಯ ಕಡೆಯವಳು. ಅಲ್ಲಿ ಕೂರಿ, ಇಲ್ಲಿ ನಿಲ್ಲಿ, ಆ ಕಿಟಕಿಗೆ ಹೋಗಿ ಎಂದರೆ ಹೋಗಬೇಕು. ತನ್ನ ಆಸ್ಪತ್ರೆಯಲ್ಲಾದರೆ ಗಡ್ಡೆಯ ಚೂರು ತೆಗೆದು ಮಧ್ಯಾಹ್ನಕ್ಕೆ ಸೂಕ್ಷ್ಮದರ್ಶಕದಲ್ಲಿ ತಾನೇ ನೋಡಿಬಿಡುತ್ತಿದ್ದಳು. ಇಲ್ಲಿ ಗಂಟಲಿಗೆ ಕೊಳವೆ ಇಳಿಸಲು ಒಂದು ಸರದಿ, ಚೂರಿನ ಉತ್ತರಕ್ಕೆ ಇನ್ನೊಂದು ಸರದಿ, ಸ್ಕ್ಯಾನಿಗೆ ಮತ್ತೊಂದು. ಅವಳು ಹಲ್ಲು ಕಚ್ಚಿಕೊಂಡು ಕಾದಳು. ಅಪ್ಪ ಸಾಲಿನಲ್ಲಿ ವಾಲಿಕೊಂಡು ನಿಂತವರನ್ನು ನೋಡಿ, ಇವರಿಗೆ ಅಟೆನ್ಶನ್ ಹೇಳಿಕೊಡುವವರು ಯಾರೂ ಇಲ್ಲವೇ ಎಂದು ಅವಳ ಕಿವಿಯಲ್ಲಿ ಕೇಳಿದರು.

ಕೊನೆಗೆ ಕ್ಯಾನ್ಸರ್ ಡಾಕ್ಟರ ಕೋಣೆಗೆ ಕರೆ ಬಂತು. ಅವಳಿಗಿಂತ ಚಿಕ್ಕ ವಯಸ್ಸಿನವರು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಅನ್ನನಾಳದ ಕೆಳಭಾಗದಲ್ಲಿ ಕ್ಯಾನ್ಸರ್ ಇದೆ, ಬೇರೆ ಕಡೆ ಹರಡಿದ್ದು ಕಾಣುತ್ತಿಲ್ಲ ಎಂದು ನೇರವಾಗಿ ಹೇಳಿದರು. ಮೊದಲು ಕೊಳವೆಯಲ್ಲಿ ಆಹಾರ ಕೊಟ್ಟು ಮೈಗೆ ಶಕ್ತಿ ತುಂಬಬೇಕು, ಔಷಧಿ ಮತ್ತು ವಿಕಿರಣದಿಂದ ಗಡ್ಡೆ ಕುಗ್ಗಿಸಬೇಕು, ಮೈ ತಡೆದುಕೊಂಡರೆ ಆಮೇಲೆ ಆಪರೇಷನ್. ಇಷ್ಟು ಹೇಳಿ, ಊಟ ಇಳಿಯುವುದು ಎಂದಿನಿಂದ ಕಷ್ಟವಾಯಿತು ಎಂದು ಕೇಳಿದರು. ಅಪ್ಪ ಅಭ್ಯಾಸಬಲದಿಂದ, ಇತ್ತೀಚೆಗೆ ಡಾಕ್ಟ್ರೇ ಅಂದರು.

ಅವಳು ಚೀಲದಿಂದ ಧಣಿಯ ಕೊರಳಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಅದನ್ನೂ ಅವಳನ್ನೂ ನೋಡಿದರು. ಅವಳು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪನೇ ಪಟ್ಟಿಯನ್ನು ಹತ್ತಿರಕ್ಕೆಳೆದುಕೊಂಡರು. ಅವರ ಬೆರಳು ಹಳೆಯ ತೂತುಗಳನ್ನು ದಾಟಿ ಗಂಡ ಹಾಕಿದ ಮೊದಲ ತೂತಿನ ಮೇಲೆ ನಿಂತಿತು.

"ಇದು ಮಾಂಸ ಇಳಿಯೋದು ನಿಂತಾಗಿಂದು" ಅಂದರು. ಬೆರಳು ಮುಂದಕ್ಕೆ ಸರಿಯಿತು. "ಇದು ಬ್ರೆಡ್ಡು ನಿಂತಾಗ. ಆಗಿನ್ನೂ ಗಂಜಿ, ಬೆಂದ ತರಕಾರಿ ಹೆಂಗೋ ಇಳಿಸ್ತಿದ್ದೆ. ನಾಯಿ ಅದನ್ನ ತಿಂತಿರಲಿಲ್ಲ, ಹಾಗಾಗಿ ನಾನೇ ತಿನ್ನಬೇಕಿತ್ತು. ಕಷ್ಟ ಆಗ್ತಿತ್ತು, ಆದ್ರೂ ತಿಂತಿದ್ದೆ."

"ಮತ್ತೆ ಈ ಕೊನೆಯದು?" ಎಂದು ಡಾಕ್ಟರು ಕೇಳಿದರು.

ಅಪ್ಪ ಮಗಳ ಕಡೆ ನೋಡಲಿಲ್ಲ. "ಅದು ನನ್ನ ಮಗಳು ನಾಯಿಗೆ ಪಥ್ಯ ಹಾಕಿದ ಮೇಲೆ. ಹಸಿದಿದ್ದ, ಪಾಪ. ಏನು ಕೊಟ್ರೂ ತಿಂದುಬಿಡ್ತಿದ್ದ."

ಅವಳು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಯಾರನ್ನಾದರೂ ಬೈಯಬೇಕು ಅನ್ನಿಸಿತು. ಬೈಯಲು ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಇದರ ಹಿಂದಿನ ತೂತಿಗೆ ಬಂದಿದ್ರೆ ನಮ್ಮ ಕೆಲಸ ಇಷ್ಟು ಕಷ್ಟ ಆಗ್ತಿರಲಿಲ್ಲ" ಅಂದರು ಡಾಕ್ಟರು, ಮೆಲ್ಲಗೆ.

ಅಪ್ಪ ಪಟ್ಟಿಯನ್ನು ಎತ್ತಿ ಕೊನೆಯ ತೂತಿಗೂ ತುದಿಗೂ ನಡುವಿನ ಚರ್ಮವನ್ನು ಹೆಬ್ಬೆರಳಿನಿಂದ ಅಳೆದರು.

"ಇನ್ನೂ ಸ್ವಲ್ಪ ಜಾಗ ಇದೆಯಲ್ಲ ಡಾಕ್ಟ್ರೇ?"

"ಇದೆ. ಹೆಚ್ಚಿಲ್ಲ. ನಾಳೆ ಬೆಳಗ್ಗೇನೇ ಶುರು ಮಾಡೋಣ."

ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತು, ಆಗಲಿ ಅಂದರು. ಅವಳು ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು, ಕೊಳವೆಯಲ್ಲಿ ಕೊಡುವ ಆಹಾರವನ್ನು ಹೇಗೆ ತಯಾರಿಸಬೇಕೆಂದು ಡಾಕ್ಟರನ್ನು ಒಂದೊಂದಾಗಿ ಕೇಳತೊಡಗಿದಳು.